ಒಂಬತ್ತು ಮಿಲಿಮೀಟರು

ಲೋವರ್ ಹಟ್
2 ಮೇ 2024

ಚಂದ್ರಮೌಳಿಗೆ,

ಲಕೋಟೆಯ ಮೇಲಿನ ಕೈಬರಹ ನೋಡಿದ ಕೂಡಲೇ ಇದು ಯಾರದೆಂದು ನಿನಗೆ ತಿಳಿದಿರುತ್ತದೆ. ನಿನ್ನ ಫೋನಿನಲ್ಲಿ ನನ್ನ ನಂಬರಿಗೆ ಬಾಗಿಲು ಹಾಕಿ ಒಂಬತ್ತು ವರ್ಷವಾಯಿತು. ಅಂಚೆಯವನಿಗೆ ಬಾಗಿಲು ಹಾಕುವುದು ಅಷ್ಟು ಸುಲಭವಲ್ಲ.

ಕುಶಲ ಕೇಳಲು ಬರೆಯುತ್ತಿಲ್ಲ. ನನ್ನ ಫಾಲ್ಕನ್ ಎದ್ದು ಕೂತಿದೆ ಎಂದು ತಿಳಿಸಲು ಬರೆಯುತ್ತಿದ್ದೇನೆ. 1971ರ ಅದೇ ಹಸಿರು ಕಾರು. 2015ರ ಯುಗಾದಿಯ ವಾರ ತೌಪೋದ ಟ್ರ್ಯಾಕಿನಲ್ಲಿ, ಎರಡನೆಯ ಸುತ್ತಿನ ಉದ್ದನೆಯ ತಿರುವಿನಲ್ಲಿ, ಕುಡಿಯಲು ಎಣ್ಣೆ ಸಿಗದೆ ಬೇರಿಂಗು ಸುಟ್ಟುಕೊಂಡು, ಒಂದು ರಾಡು ಪಕ್ಕೆ ಸೀಳಿ ಹೊರಬಂದು ನಮ್ಮಿಬ್ಬರ ಕಣ್ಣೆದುರೇ ಸತ್ತಿತಲ್ಲ, ಅದೇ. ಅದಕ್ಕೆ ಈಗ ಹೊಸ ವಿ-ಎಯ್ಟ್ ಎಂಜಿನ್. ಒಂದೊಂದು ಬೋಲ್ಟನ್ನೂ ನಾನೇ ಬಿಗಿದಿದ್ದೇನೆ, ಈ ಗ್ಯಾರೇಜಿನಲ್ಲಿ, ಒಬ್ಬಳೇ.

ನೀನು ಮರೆತಿರಬಹುದು, ಮರೆಯುವುದು ನಿನಗೆ ಅನುಕೂಲ. ನೆನಪಿಸುತ್ತೇನೆ. ಎಂಜಿನ್ನಿನ ತಳಕ್ಕೆ ಬಿಗಿಯುವ ಆಯಿಲ್ ಪ್ಯಾನಿಗೂ, ಅದರೊಳಗೆ ಎಣ್ಣೆ ಹೀರುವ ಕೊಳವೆಯ ಬಾಯಿಗೂ ನಡುವೆ ಒಂಬತ್ತು ಮಿಲಿಮೀಟರು ಅಂತರವಿರಬೇಕು. ಕಡಿಮೆಯಾದರೆ ಬಾಯಿ ತಳಕ್ಕೆ ಒತ್ತಿ ಎಣ್ಣೆ ಮೇಲೇರುವುದಿಲ್ಲ. ಅದನ್ನು ಅಳೆಯಲು ಎಲ್ಲರೂ ಆಟದ ಜೇಡಿಮಣ್ಣು ಒತ್ತಿ ನೋಡುತ್ತಾರೆ. ಟ್ರ್ಯಾಕಿಗೆ ಇಳಿಯುವ ಹಿಂದಿನ ಶನಿವಾರ ನನ್ನ ಮನೆಯಲ್ಲಿ ಜೇಡಿಮಣ್ಣಿರಲಿಲ್ಲ. ಹೋಳಿಗೆಗೆಂದು ನಾದಿದ್ದ ಕಣಕವಿತ್ತು. ಅದರ ಒಂದು ಉಂಡೆ ಒತ್ತಿದೆ, ಅಳೆದೆ, ಒಂಬತ್ತು ಬಂತು. ನೀನೂ ಪಕ್ಕದಲ್ಲೇ ನಿಂತಿದ್ದೆ. ಪ್ಯಾನು ನಿನ್ನ ಅಂಗಡಿಯದು.

ಆ ವರ್ಷದ ನವೆಂಬರಿನಲ್ಲಿ ನಮ್ಮ ಕನ್ನಡ ಸಂಘದ ರಾಜ್ಯೋತ್ಸವ. ಮುನ್ನೂರು ಜನರ ಮುಂದೆ ವೇದಿಕೆ ಹತ್ತಿದವನು ನೀನು. "ನಮ್ ರುದ್ರಕ್ಕ ಎಂಜಿನ್‌ಗೆ ಹೋಳಿಗೆ ತಿನ್ಸಿದ್ರು. ಅದು ತುಪ್ಪ ಕೇಳ್ತು. ಹಾಕ್ಲಿಲ್ಲ. ಸತ್ತೋಯ್ತು."

ಹದಿನೆಂಟು ವರ್ಷದಿಂದ ಎಣ್ಣೆ ಪರೀಕ್ಷೆಯ ಲ್ಯಾಬಿನಲ್ಲಿ ದುಡಿಯುವವಳು ನಾನು. ಅವತ್ತಿನಿಂದ ಆಕ್ಲೆಂಡಿನಿಂದ ವೆಲಿಂಗ್ಟನ್ನಿನವರೆಗೆ ನಾನು ಹೋಳಿಗೆ ಆಂಟಿ. ನನ್ನಪ್ಪ ಗದಗಿನ ನಾಟಕ ಕಂಪನಿಯಲ್ಲಿ ನಲವತ್ತು ವರ್ಷ ಖಳನ ಪಾತ್ರ ಮಾಡಿದವರು. ಅವರ ಮಗಳನ್ನು ನೀನು ಹಾಸ್ಯಪಾತ್ರ ಮಾಡಿ ನಿಲ್ಲಿಸಿದೆ. ಇದಕ್ಕೆ ಕ್ಷಮೆಯಿಲ್ಲ.

ಈಗ ಪ್ಯಾನೊಂದೇ ಬಾಕಿ. ಈ ಎಂಜಿನ್ನಿಗೆ ಒಪ್ಪುವ ಪ್ಯಾನುಗಳನ್ನು ತರಿಸಿಡುವವನು ಈಸ್ಟ್ ತಮಾಕಿಯಲ್ಲಿ ನೀನೊಬ್ಬ. ನಿನ್ನ ಕೈಯಿಂದ ಬಂದ ಪ್ಯಾನನ್ನೇ ಹಾಕಿ, ಬರುವ ಫೆಬ್ರವರಿಯಲ್ಲಿ, ಅದೇ ತಿರುವಿನಲ್ಲಿ, ನಿನ್ನ ಕಿತ್ತಳೆ ಬಣ್ಣದ ಚಾರ್ಜರ್ ಕಾರನ್ನು ಹಿಂದೆ ಹಾಕುತ್ತೇನೆ. ಏನೇನಿದೆ ಬರೆ.

ಎದುರಿಗೆ ಬಂದು ನಿಂತಿರುವ,
ರುದ್ರಾಣಿ


ಈಸ್ಟ್ ತಮಾಕಿ, ಆಕ್ಲೆಂಡ್
16 ಮೇ 2024

ರುದ್ರಕ್ಕ,

ಪತ್ರ ಬಂತು. ನಿಮ್ಮ ದನಿ ಕಾಗದದಿಂದಲೂ ಕೇಳಿಸುತ್ತದೆ, ಕೌಂಟರಿನಲ್ಲಿದ್ದ ಗಿರಾಕಿ "ಆರ್ ಯು ಓಕೆ, ಮೇಟ್?" ಎಂದು ಕೇಳಿದ.

ಪ್ಯಾನಿನ ವಿಷಯಕ್ಕೆ ಬರುತ್ತೇನೆ. ಫಾಲ್ಕನ್ನಿನ ಅಡಿಯಲ್ಲಿ ಸ್ಟೀರಿಂಗಿನ ಕಂಬಿ ಅಡ್ಡ ಹಾಯುವುದರಿಂದ ಎಣ್ಣೆ ನಿಲ್ಲುವ ಗುಂಡಿ ಮುಂಭಾಗದಲ್ಲೇ ಇರಬೇಕು, ಅದು ನಿಮಗೆ ಗೊತ್ತು. ಅಂಥವು ನನ್ನ ಹತ್ತಿರ ಮೂರಿವೆ. ಮೊದಲನೆಯದು ಕಾರ್ಖಾನೆಯಿಂದ ಬಂದಂಥದೇ, ಸಾದಾ, ರಸ್ತೆಗೆ ಸಾಕು. ಇನ್ನೊಂದು ಮೂರು ಇಂಚು ಹೆಚ್ಚು ಆಳದ್ದು, ಹೊಳೆಯುವ ಕ್ರೋಮ್, ಎಣ್ಣೆ ಧಾರಾಳ ಹಿಡಿಯುತ್ತದೆ. ಮೂರನೆಯದು ಎರಡು ಕಡೆ ರೆಕ್ಕೆ ಚಾಚಿದ್ದು, ಒಳಗೆ ಪುಟ್ಟ ಪುಟ್ಟ ಬಾಗಿಲುಗಳಿವೆ. ಬೆಸುಗೆ ಹಾಕಿದ್ದು, ನೋಡಲು ಚೆನ್ನಾಗಿಲ್ಲ. ನನ್ನನ್ನು ಕೇಳಿದರೆ ಎರಡನೆಯದು. ಎಣ್ಣೆ ಜಾಸ್ತಿ ಇದ್ದಷ್ಟೂ ಧೈರ್ಯ ಜಾಸ್ತಿ.

ಹಳೆಯದನ್ನೆಲ್ಲ ಬಿಡಿ ಅಕ್ಕ. ನಗೆಯ ಮಾತು, ನಗೆಯಲ್ಲೇ ಹೋಯಿತು.

ನಿಮ್ಮ,
ಮೌಳಿ


ಲೋವರ್ ಹಟ್
10 ಜೂನ್ 2024

ಮೌಳಿ,

ನಗೆಯಲ್ಲೇ ಹೋಯಿತು ಎಂದು ಬರೆಯುವ ಹಕ್ಕು ನಗಿಸಿದವನಿಗಿಲ್ಲ. ನಗೆ ಯಾರ ಮೇಲೆ ಬಿತ್ತೋ ಅವರು ಬರೆಯಬೇಕು. ನಾನು ಬರೆದಿಲ್ಲ.

ಆಳದ ಪ್ಯಾನಂತೆ. ಅದು ಕಾಲು ಮೈಲಿ ನೆಟ್ಟಗೆ ಓಡಿ ಬ್ರೇಕು ಹಾಕುವವರಿಗೆ. ತಿರುವಿನಲ್ಲಿ ಎಣ್ಣೆಯೆಲ್ಲ ಒಂದು ಗೋಡೆಗೆ ಹೋಗಿ ಅಪ್ಪಿಕೊಂಡರೆ ಆಳ ಎಷ್ಟಿದ್ದು ಏನು ಪ್ರಯೋಜನ? ಕೊಳವೆ ಗಾಳಿ ಕುಡಿಯುತ್ತದೆ. ಮೇಲಾಗಿ ನನ್ನ ಮನೆಯ ಡ್ರೈವ್‌ವೇ ನೋಡಿದ್ದೀ: ಗೋಡೆ ಇಳಿದ ಹಾಗೆ ಇಳಿಯಬೇಕು. ಮೂರು ಇಂಚು ಕೆಳಗೆ ಜೋತ ಕ್ರೋಮು ಮೊದಲ ದಿನವೇ ಕಾಂಕ್ರೀಟು ನೆಕ್ಕುತ್ತದೆ. ಸಾದಾ ಪ್ಯಾನನ್ನು ಒಮ್ಮೆ ನಂಬಿ ಕೆಟ್ಟಿದ್ದೇನೆ. ರೆಕ್ಕೆಯದೇ ಬೇಕು. ಆ ಪುಟ್ಟ ಬಾಗಿಲುಗಳು ಎಣ್ಣೆಯನ್ನು ಕೊಳವೆಯ ಕಡೆಗೆ ಒಳಗೆ ಬಿಡುತ್ತವೆ, ಹೊರಗೆ ಹೋಗಗೊಡುವುದಿಲ್ಲ. ಚೆಂದ ಯಾರಿಗೆ ಬೇಕು? ತಳದಲ್ಲಿರುವುದನ್ನು ನೋಡುವವರಾರು?

ನಾನು ನೋಡಿದೆ. ಹೊಸದು ಬಂದಾಗ ಹೋಲಿಸೋಣವೆಂದು 2015ರ ಆ ಹಳೇ ಪ್ಯಾನನ್ನು ಅಟ್ಟದಿಂದ ಇಳಿಸಿ ದ್ರಾವಕ ಹಚ್ಚಿ ಉಜ್ಜಿದೆ. ಕಪ್ಪು ಬಣ್ಣ ಎದ್ದಿತು. ಅದರ ಕೆಳಗೆ ಇನ್ನೊಂದು ಕಪ್ಪು ಬಣ್ಣ. ಆ ಬಣ್ಣದ ಮೇಲೆ, ಸರಿಯಾಗಿ ಕೊಳವೆಯ ಬಾಯಿ ಕೂರುವ ಜಾಗದ ನೇರಕ್ಕೆ, ಸುತ್ತಿಗೆಯ ಗುರುತು. ಎಣಿಸಿದೆ, ಹನ್ನೊಂದು.

ನಾನು ಸುತ್ತಿಗೆ ಮುಟ್ಟಿರಲಿಲ್ಲ. ಶನಿವಾರ ಕಣಕ ಒತ್ತಿ ಅಳೆದಾದ ಮೇಲೆ, ಎಣ್ಣೆ ಇಳಿಸುವ ಡ್ರೈನಿನ ಬೆಸುಗೆ ಗಟ್ಟಿ ಮಾಡುತ್ತೇನೆಂದು ಪ್ಯಾನನ್ನು ನಿನ್ನ ಅಂಗಡಿಗೆ ಒಯ್ದವನು ನೀನು. ರಾತ್ರಿಯಿಡೀ ಕಾರು ಓಡಿಸಿ ಗುರುವಾರ ಬೆಳಿಗ್ಗೆ ತಂದುಕೊಟ್ಟವನು ನೀನು. ಅದನ್ನು ಹಾಗೇ ಬಿಗಿದವಳು ನಾನು, ಯಾಕೆಂದರೆ ನಿನ್ನನ್ನು ನಂಬಿದ್ದೆ. ಈ ದೇಶಕ್ಕೆ ಬಂದ ಹೊಸತರಲ್ಲಿ ಒಂದೇ ಫ್ಲಾಟಿನಲ್ಲಿ ಎರಡು ವರ್ಷ ಒಂದೇ ಕುಕ್ಕರಿನ ಅನ್ನ ಉಂಡವರು ನಾವು.

ಶನಿವಾರಕ್ಕೂ ಗುರುವಾರಕ್ಕೂ ನಡುವೆ ಏನಾಯಿತು? ಉತ್ತರದ ಜೊತೆಗೆ ಪ್ಯಾನು ಕಳಿಸು. ಉತ್ತರವಿಲ್ಲದೆ ಪ್ಯಾನು ಬಂದರೆ ಗೇಟಿನಿಂದಲೇ ಹಿಂದಕ್ಕೆ ಹೋಗುತ್ತದೆ.

ಕಾಯುವುದು ಕಲಿತಿರುವ,
ರುದ್ರಾಣಿ


ಈಸ್ಟ್ ತಮಾಕಿ
19 ಆಗಸ್ಟ್ 2024

ರುದ್ರಕ್ಕ,

ಎರಡು ತಿಂಗಳು ತಡವಾಯಿತು. ಎಷ್ಟು ಸಲ ಬರೆದು ಹರಿದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಮಧ್ಯದಲ್ಲಿ ಒಂದು ತಮಾಷೆ ಬಂದು ಕೂರುತ್ತಿತ್ತು. ಈ ಸಲ ಬಂದರೆ ಹೊಡೆದುಹಾಕುತ್ತೇನೆ.

ಬುಧವಾರ ಮಧ್ಯಾಹ್ನ ಪ್ಯಾನನ್ನು ಬೆಂಚಿಗೆ ಕಚ್ಚಿಸಿದ್ದೆ. ಫೋನು ಬಂತು. ಒಂದು ಕೈಯಲ್ಲಿ ಕ್ಲಾಂಪು ಸಡಿಲಿಸಿದೆ. ಪ್ಯಾನು ಜಾರಿ ಕಾಂಕ್ರೀಟಿನ ಮೇಲೆ ಬಿತ್ತು. ತಳ ಒಳಕ್ಕೆ ತಗ್ಗಾಯಿತು. ಮರದ ತುಂಡು ಇಟ್ಟು ಒಳಗಿನಿಂದ ಬಡಿದೆ, ಹೊರಗಿನಿಂದ ಬಡಿದೆ, ಸುಮಾರಾಗಿ ಸಮ ಮಾಡಿದೆ. ಬಣ್ಣ ಹೊಡೆದು ಬಿಸಿಗಾಳಿಯಲ್ಲಿ ಒಣಗಿಸಿದೆ. ನಿಮಗೆ ಹೇಳಬೇಕಿತ್ತು. ಹೇಳಿದ್ದರೆ ನೀವು ಮತ್ತೆ ಅಳೆಯದೆ ಬಿಡುತ್ತಿರಲಿಲ್ಲ. ಒಂದು ದಿನ ತಪ್ಪಿಹೋಗುತ್ತಿತ್ತು, ಶನಿವಾರದ ಟ್ರ್ಯಾಕೂ ತಪ್ಪುತ್ತಿತ್ತು. ಏನೂ ಆಗಲ್ಲ ಅಂದುಕೊಂಡೆ.

ಆ ತಿರುವಿನಲ್ಲಿ ಶಬ್ದ ಬಂದಾಗ ನೀವು ಇನ್ನೂ ಗೇರು ಬದಲಿಸುತ್ತಿದ್ದಿರಿ. ಬೇಲಿಯ ಹತ್ತಿರ ನಿಂತಿದ್ದ ನನಗೆ ಆಗಲೇ ಗೊತ್ತಾಯಿತು: ಕೊಂದವನು ನಾನು.

ಆಮೇಲೆ ಎಲ್ಲರೂ ಕೇಳತೊಡಗಿದರು. ಎಂಜಿನ್ ಹೇಗೆ ಹೋಯ್ತು, ಯಾರ ಪ್ಯಾನು, ಯಾರ ಅಂಗಡಿ? ಅಂಗಡಿ ತೆರೆದು ಆಗ ಎಂಟು ತಿಂಗಳು. ಆ ಪ್ರಶ್ನೆ ನನ್ನ ಬಾಗಿಲಿಗೆ ಬರುವ ಮೊದಲೇ ನಿಮ್ಮ ಕಡೆಗೆ ತಿರುಗಿಸಿದೆ. ಜನ ನಕ್ಕರು. ನಕ್ಕ ಮೇಲೆ ಯಾರೂ ಏನೂ ಕೇಳಲಿಲ್ಲ.

ರೆಕ್ಕೆಯ ಪ್ಯಾನು ಇದರ ಜೊತೆಗೇ ಬರುತ್ತಿದೆ. ಅದಕ್ಕೆ ಹೊಂದುವ ಕೊಳವೆಯೂ ಇದೆ. ಬೀಳಿಸಿಲ್ಲ.

ಚಂದ್ರಮೌಳಿ


ಲೋವರ್ ಹಟ್
1 ಸೆಪ್ಟೆಂಬರ್ 2024

ಮೌಳಿ,

ನಿನ್ನ ಪತ್ರವನ್ನು ಗ್ಯಾರೇಜಿನಲ್ಲಿ ನಿಂತು ಗಟ್ಟಿಯಾಗಿ ಓದಿದೆ. ಪಕ್ಕದ ಮನೆಯ ನಾಯಿ ಬೊಗಳುವುದು ನಿಲ್ಲಿಸಿತು. ನನ್ನ ಗಂಡ ಓಂಕಾರ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, "ಮತ್ತೊಮ್ಮೆ ಓದು" ಅಂದ. ಮೂರು ಸಲ ಓದಿದೆ. ಒಂಬತ್ತು ವರ್ಷದ ಹಸಿವು. ಒಂದೇ ಊಟಕ್ಕೆ ತಣಿಯಲಿಲ್ಲ.

ನೀನು ನನಗೆ ಬರೆದದ್ದು ಸಾಲದು. ನಕ್ಕವಳು ನಾನಲ್ಲ. ನಕ್ಕವರು ಮುನ್ನೂರು ಜನ. ಸಾಲ ತೀರುವುದಾದರೆ ಅವರೆದುರೇ ತೀರಬೇಕು.

ನವೆಂಬರ್ ಎರಡಕ್ಕೆ ಆಕ್ಲೆಂಡಿನ ಆಲ್ಬನಿಯಲ್ಲಿ ರಾಜ್ಯೋತ್ಸವ. ಕಾರ್ಯದರ್ಶಿ ನಿಶಾಳಿಗೆ ನೀನೇ ಹೇಳಿ ಹೆಸರು ಬರೆಸು. ವೇದಿಕೆಯ ಮಧ್ಯದಲ್ಲಿ ನಿಲ್ಲು, ಪಕ್ಕದ ಪರದೆಯ ಮರೆಯಲ್ಲಲ್ಲ. ಬೆಳಕು ಮುಖದ ಮೇಲೆ ಬೀಳಲಿ. ಆಗಸ್ಟ್ ಹತ್ತೊಂಬತ್ತರ ಪತ್ರವನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದು. ಮಧ್ಯೆ ಯಾರಾದರೂ ನಕ್ಕರೆ ನಿಲ್ಲಿಸಿ, ಅವರು ಸುಮ್ಮನಾಗುವವರೆಗೆ ಕಾದು, ಅದೇ ಸಾಲನ್ನು ಮತ್ತೆ ಓದು. ನಿನ್ನ ಮನೆಯವರು ಮುಂದಿನ ಸಾಲಿನಲ್ಲಿ ಕೂತಿರಬೇಕು.

ನಾನು ಬರುವುದಿಲ್ಲ. ನನ್ನ ಮುಖ ನೋಡಿ ಓದಿದರೆ ನಿನಗೆ ಹಗುರಾಗುತ್ತದೆ. ಹಗುರಾಗಕೂಡದು.

ಓದದಿದ್ದರೆ ಪತ್ರದ ಪ್ರತಿಗಳು ಮುನ್ನೂರು ಮನೆಗೂ ಹೋಗುತ್ತವೆ.

ರುದ್ರಾಣಿ


ಈಸ್ಟ್ ತಮಾಕಿ
20 ಸೆಪ್ಟೆಂಬರ್ 2024

ರುದ್ರಕ್ಕ,

ಓದುತ್ತೇನೆ. ನಿಶಾಳಿಗೆ ಹೇಳಿದ್ದೇನೆ. "ಕಾಮಿಡಿ ಐಟಮ್ಮಾ ಅಂಕಲ್?" ಎಂದು ಕೇಳಿದಳು. ಅಲ್ಲ ಅಂದೆ. ನಂಬಲಿಲ್ಲ.

ಮನೆಯವರು ಮುಂದಿನ ಸಾಲಿನಲ್ಲಿರಬೇಕು ಎಂದಿರಿ. ಹಾಗಾದರೆ ಮೊದಲು ಮನೆಯಲ್ಲೇ ಹೇಳಬೇಕಾಯಿತು. ಮಗಳು ಲಾಸ್ಯಾಗೆ ಈಗ ಹದಿನೈದು. ಕನ್ನಡದಲ್ಲೇ ಎಲ್ಲ ಹೇಳಿದೆ. ಕೇಳಿಸಿಕೊಂಡಳು. "ಸೋ ಯು ಲೆಟ್ ಹರ್ ಟೇಕ್ ದ ಬ್ಲೇಮ್" ಅಂದಳು. ಪ್ರಶ್ನೆಯ ಹಾಗಿರಲಿಲ್ಲ. ಅವತ್ತಿನಿಂದ ಶಾಲೆಗೆ ಬಸ್ಸಿನಲ್ಲಿ ಹೋಗುತ್ತಿದ್ದಾಳೆ. ಚಾರ್ಜರಿನಲ್ಲಿ ಬಿಡಲೇ ಎಂದು ಕೇಳಿದರೆ "ಆಲ್ ಗುಡ್" ಅನ್ನುತ್ತಾಳೆ.

ನೀವು ಕೇಳಿದ್ದು ಸಿಗುತ್ತದೆ. ಕೇಳದೆ ಇದ್ದದ್ದೂ ಸ್ವಲ್ಪ ಸಿಕ್ಕಿದೆ ಎಂದು ತಿಳಿಸಲು ಬರೆದೆ.

ಮೌಳಿ


ಲೋವರ್ ಹಟ್
29 ಅಕ್ಟೋಬರ್ 2024, ಕೊರಿಯರ್ ಮೂಲಕ

ಮೌಳಿ,

ಶನಿವಾರ ವೇದಿಕೆ ಹತ್ತಬೇಡ. ಕಾರಣ ಕೆಳಗಿದೆ. ಪೂರ್ತಿ ಓದು.

ಕಳೆದ ಶನಿವಾರ, ಲೇಬರ್ ವೀಕೆಂಡಿನ ರಜೆಯಲ್ಲಿ, ರೆಕ್ಕೆಯ ಪ್ಯಾನು ಕೂರಿಸಲು ಹೊರಟೆ. ಜೇಡಿಮಣ್ಣು ಡಬ್ಬಿಯಲ್ಲಿತ್ತು, ಮುಟ್ಟಲಿಲ್ಲ. ಬೇಕೆಂದೇ ಕಣಕ ನಾದಿದೆ. ಜಗತ್ತು ಯಾವುದನ್ನು ನೋಡಿ ನಕ್ಕಿತೋ ಅದರಿಂದಲೇ ಅಳೆದು ಓಡಿಸುವ ಹಟ. ಕೊಳವೆಯ ಬಾಯಿಗೆ ಉಂಡೆ ಇಟ್ಟೆ, ಪ್ಯಾನು ಬಿಗಿದೆ, ಬಿಚ್ಚಿದೆ, ಕೂಡಲೇ ಅಳೆದೆ. ಆರು. ಅಷ್ಟರಲ್ಲಿ ಓಂಕಾರ ಚಹಾಕ್ಕೆ ಕರೆದ. ಅರ್ಧ ಗಂಟೆ ಬಿಟ್ಟು ಬಂದು, ಬರೆದಿಟ್ಟುಕೊಳ್ಳುವ ಮುನ್ನ ಮತ್ತೊಮ್ಮೆ ಅಳೆದೆ. ಒಂಬತ್ತೂವರೆ.

ಅದೇ ಉಂಡೆ. ಯಾರೂ ಮುಟ್ಟಿರಲಿಲ್ಲ.

ಗೋದಿಗೆ ಜಿಗುಟಿದೆ, ಮೌಳಿ. ಆಗಷ್ಟೇ ನಾದಿದ ಕಣಕ ಒತ್ತಿದರೆ ಒತ್ತಿಸಿಕೊಳ್ಳುತ್ತದೆ, ಬಿಟ್ಟ ಮೇಲೆ ಮೆಲ್ಲಗೆ ಎದ್ದು ಬರುತ್ತದೆ. ಹುಟ್ಟಿದಾಗಿನಿಂದ ಲಟ್ಟಣಿಗೆಯ ಕೆಳಗೆ ಅದು ಕುಗ್ಗಿ ಹಿಂದಕ್ಕೆ ಬರುವುದನ್ನು ನೋಡಿದ ಹೆಂಗಸು ನಾನು. ಅಡುಗೆಮನೆಯಲ್ಲಿ ಗೊತ್ತಿದ್ದದ್ದು ಗ್ಯಾರೇಜಿನಲ್ಲಿ ಗೊತ್ತಾಗಲಿಲ್ಲ.

ಓಂಕಾರ ರೊಟ್ಟಿಗೆ ಕಲಸಿದ್ದ ಜೋಳದ ಹಿಟ್ಟು ತಂದೆ. ಅದಕ್ಕೆ ಜಿಗುಟಿಲ್ಲ, ಒತ್ತಿದಲ್ಲೇ ಉಳಿಯುತ್ತದೆ. ಸತ್ತ ಎಂಜಿನ್ನಿನ ಬ್ಲಾಕು ಇನ್ನೂ ಮೂಲೆಯಲ್ಲಿದೆ. ಅದಕ್ಕೆ ಹಳೆಯ ಕೊಳವೆ, ಹಳೆಯ ಪ್ಯಾನು ಬಿಗಿದು ಜೋಳದ ಹಿಟ್ಟು ಒತ್ತಿದೆ. ನಾಲ್ಕೂವರೆ. ನಿನ್ನ ಸುತ್ತಿಗೆ ಬಿದ್ದ ಜಾಗಕ್ಕೆ ಪಟ್ಟಿ ಇಟ್ಟು ನೋಡಿದೆ. ಉಳಿದ ತಗ್ಗು ಅರ್ಧ ಮಿಲಿಮೀಟರು. ಅಂದರೆ ಅದು ನಿನ್ನ ಕೈಯಿಂದ ಬೀಳುವ ಮೊದಲೇ ಅಲ್ಲಿ ಐದೇ ಇತ್ತು. 2015ರಲ್ಲಿ ಉಂಡೆ ತೆಗೆದಿಟ್ಟು ನಾವೆಲ್ಲ ಊಟಕ್ಕೆ ಹೋಗಿದ್ದೆವು. ಕೈ ತೊಳೆದು ಬಂದು ಅಳೆದೆ. ಒಂಬತ್ತು ಅಂದೆ.

ನಿನ್ನ ಪಾಲು ಅರ್ಧ. ನನ್ನದು ನಾಲ್ಕು. ಎಂಜಿನ್ನನ್ನು ಕೊಂದವಳು ನಾನು.

ಇದನ್ನು ಮೂರು ದಿನ ಬರೆಯಲಿಲ್ಲ. ಸುಮ್ಮನಿದ್ದರೆ ಸಾಕಿತ್ತು, ನೀನು ಓದುತ್ತಿದ್ದೆ, ಜನ ತಲೆ ತಗ್ಗಿಸುತ್ತಿದ್ದರು, ನಾನು ಗೆಲ್ಲುತ್ತಿದ್ದೆ. ಓಂಕಾರ ಎಲ್ಲ ಕೇಳಿ, "ಅವಂಗ ಹೇಳ್ತಿ?" ಅಂದ. "ಹೇಳಬೇಕಂತೀ ಏನು?" ಅಂದೆ. "ನಾ ಏನೂ ಅನ್ನಂಗಿಲ್ಲ. ರೊಟ್ಟಿ ಆರಾಕತ್ತಾವು, ಉಣ್ಣು ಬಾ" ಅಂದ. ಮೂರು ದಿನ ಇಷ್ಟೇ ಅಂದ. ಬೈದಿದ್ದರೆ ಜಗಳವಾಡಿ, ನಿನಗೆ ಹೇಳದೆ ಉಳಿದುಕೊಳ್ಳುತ್ತಿದ್ದೆ.

ಕತ್ತಿಯ ಹಿಡಿಯನ್ನು ನಿನ್ನ ಕಡೆಗೆ ಮಾಡಿ ಕೊಡುತ್ತಿದ್ದೇನೆ. ಈ ಪತ್ರವನ್ನೇ ಓದು ಬೇಕಾದರೆ. ನಿನ್ನ ಜಾಗದಲ್ಲಿದ್ದರೆ ನಾನು ಓದುತ್ತಿದ್ದೆ.

ರುದ್ರಾಣಿ


ಈಸ್ಟ್ ತಮಾಕಿ
5 ನವೆಂಬರ್ 2024

ರುದ್ರಕ್ಕ,

ನಿಮ್ಮ ಪತ್ರ ಗುರುವಾರವೇ ಸಿಕ್ಕಿತು. ಶನಿವಾರ ವೇದಿಕೆ ಹತ್ತಿದಾಗ ಕೋಟಿನ ಒಂದು ಜೇಬಿನಲ್ಲಿ ನನ್ನದು, ಇನ್ನೊಂದರಲ್ಲಿ ನಿಮ್ಮದು. ನನ್ನದನ್ನೇ ಓದಿದೆ.

ಅರ್ಧ ಮಿಲಿಮೀಟರು ಎಂದು ಬರೆದು ನನ್ನನ್ನು ಬಿಡಿಸಲು ನೋಡಿದಿರಿ. ನಾನು ಓದಲು ಹೋದದ್ದು ಪ್ಯಾನಿನ ತಗ್ಗಿಗಾಗಿ ಅಲ್ಲ. ಎಂಜಿನ್ ಸತ್ತದ್ದು ನನ್ನಿಂದಲೇ ಎಂದು ಪೂರ್ತಿ ನಂಬಿಕೊಂಡೇ ನಿಮ್ಮನ್ನು ತೋರಿಸಿ ಜನರನ್ನು ನಗಿಸಿದೆ. ಅದಕ್ಕೆ ಜೋಳದ ಹಿಟ್ಟಿನ ಅಳತೆ ಇಲ್ಲ.

ಮೊದಲ ಎರಡು ಸಾಲಿಗೆ ನಕ್ಕರು. ನೀವು ಹೇಳಿದಂತೆಯೇ ನಿಲ್ಲಿಸಿ, ಕಾದು, ಮತ್ತೆ ಓದಿದೆ. ಆಮೇಲೆ ಕೊನೆಯವರೆಗೂ ನಿಲ್ಲಿಸಬೇಕಾಗಲಿಲ್ಲ. ಇಳಿದು ಬಂದಾಗ ಸಂಘದ ಹಿರಿಯರಾದ ವಾಸುದೇವ್ ಅಂಕಲ್ ಕೈ ಕುಲುಕಲಿಲ್ಲ. ಲಾಸ್ಯಾ ನನ್ನ ಜೊತೆ ಕಾರಿನವರೆಗೆ ನಡೆದು ಬಂದಳು, ಮುಂದಿನ ಸೀಟಿನಲ್ಲಿ ಕೂತಳು. ನನಗೆ ಅಷ್ಟು ಸಾಕು.

ಆದರೆ ಅಕ್ಕ, ನನ್ನ ಮಗಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ ನನ್ನ ಮುಖಕ್ಕೆ ಬೆಳಕು ಬಿಡಿಸಿದಿರಲ್ಲ, ಅದು ನೆನಪಿದೆ. ಅದಕ್ಕೆ ನನ್ನದೂ ಒಂದು ಸೇಡು ಇರಲಿ. ಜನವರಿಯ ಸಂಕ್ರಾಂತಿ ಕಾರ್ಯಕ್ರಮದಲ್ಲಿ ನಿಮಗೆ ಶಾಲು ಹೊದಿಸಿ ಹಾರ ಹಾಕಬೇಕೆಂದು ನಿಶಾಳಿಗೆ ನಾನೇ ಸೂಚಿಸಿದೆ. ಎಲ್ಲರೂ ಒಪ್ಪಿದರು. ನಿಮ್ಮ ಮೇಲೆ ಅನ್ಯಾಯವಾಯಿತು, ನಿಮ್ಮ ಅಳತೆ ಸರಿಯಾಗಿತ್ತು ಎಂದು ಭಾಷಣ ಮಾಡುತ್ತಾರೆ. ನೀವು ತಲೆ ಬಾಗಿಸಿ ಹಾರ ಹಾಕಿಸಿಕೊಳ್ಳಬೇಕು.

ನಿಮ್ಮ ಪತ್ರ ಅಂಗಡಿಯ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಯಾರಿಗೂ ತೋರಿಸುವುದಿಲ್ಲ. ಇದಕ್ಕಿಂತ ದೊಡ್ಡ ಶಿಕ್ಷೆ ನಿಮಗೆ ಕೊಡಲು ನನಗೆ ತಿಳಿಯದು.

ಒಳ್ಳೆಯ ಸೀರೆ ಉಟ್ಟು ಬನ್ನಿ.

ಮೌಳಿ


ಲೋವರ್ ಹಟ್
12 ನವೆಂಬರ್ 2024

ನಿಶಾ,

ನಿನ್ನ ಆಮಂತ್ರಣ ತಲುಪಿತು. ಸಂಕ್ರಾಂತಿಗೆ ಬರುತ್ತೇನೆ. ಶಾಲು ತರಿಸಬೇಡ, ಹಾರವೂ ಬೇಡ. ತರಿಸಿಯಾಗಿದ್ದರೆ ಬೇರೆ ಯಾರಿಗಾದರೂ ಹಾಕು. ನನಗೆ ವೇದಿಕೆ ಮಾತ್ರ ಬೇಕು.

ಅವತ್ತು ಮೌಳಿ ಓದಿದ್ದು ಅಷ್ಟೂ ನಿಜ, ಆದರೆ ಅದು ಪೂರ್ತಿ ನಿಜವಲ್ಲ. ಉಳಿದದ್ದು ನನ್ನ ಹತ್ತಿರವಿದೆ. ಆ ಎಂಜಿನ್ನು ಸತ್ತದ್ದು ನನ್ನ ಅಳತೆಯಿಂದ. ಅವನಿಗೆ ಅದು ಗೊತ್ತು. ಗೊತ್ತಿದ್ದೂ ಸುಮ್ಮನಿದ್ದು, ನನ್ನ ಕೊರಳಿಗೆ ಹಾರ ಹಾಕಿಸಿ, ಮೂಲೆಯಲ್ಲಿ ನಿಂತು ನೋಡಬೇಕೆಂದಿದ್ದಾನೆ. ನನ್ನ ಮೇಲೆ ದಯೆ ತೋರಿಸಿ ಗೆಲ್ಲುತ್ತಾನಂತೆ. ನಾನು ಬದುಕಿರುವವರೆಗೆ ಆ ಗೆಲುವು ಅವನಿಗೆ ಸಿಗುವುದಿಲ್ಲ. ಫೆಬ್ರವರಿಯಲ್ಲಿ ಟ್ರ್ಯಾಕಿನಲ್ಲಿ ಸಿಗುವುದೂ ಇಲ್ಲ; ಅದು ಬೇರೆ ವಿಷಯ.

ಇದನ್ನು ನೀನು ಅವನಿಗೆ ಮೊದಲೇ ಹೇಳಿದರೆ ನಾನು ನಿನ್ನನ್ನೂ ಬಿಡುವುದಿಲ್ಲ. ಅವನ ಕುರ್ಚಿಯನ್ನು ಸಾಲಿನ ನಡುವೆ ಹಾಕಿಸು, ಎದ್ದು ಹೋಗಲು ಎರಡೂ ಕಡೆ ಹತ್ತು ಜನರ ಮೊಣಕಾಲು ದಾಟಬೇಕು. ಅವನ ಮಗಳು ಪಕ್ಕದಲ್ಲೇ ಇರಲಿ. ಅಪ್ಪ ಹೇಳಿದ ಕಥೆಯಲ್ಲಿ ಅವಳಿಗೆ ಸಿಗದೆ ಹೋದ ಭಾಗ ಅವಳೂ ಕೇಳಬೇಕು.

ನನ್ನನ್ನು ಎಲ್ಲರಿಗಿಂತ ಕೊನೆಗೆ ಕರೆ. ಮೈಕು ತೆಗೆಸಿಬಿಡು. ಹಿಂದಿನ ಸಾಲಿಗೂ ಕೇಳಿಸುತ್ತದೆ.

ರುದ್ರಾಣಿ